ಊದದ ಕೆನ್ನೆಯನ್ನೂ ನೋಡಿದ ಸ್ಕ್ಯಾನ್

ಆರು ವರ್ಷದ ಮಗಳ ಎಡಗೆನ್ನೆ ಹತ್ತು ತಿಂಗಳಲ್ಲಿ ನಾಲ್ಕನೆಯ ಸಲ ಊದಿಕೊಂಡಾಗ ಮಕ್ಕಳ ವೈದ್ಯರು ಈ ಸ್ಕ್ಯಾನಿಂಗ್ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಮೊದಲ ಸಲ ಮಂಗನಬಾವು ಎಂದುಕೊಂಡಿದ್ದೆವು. ಆದರೆ ಅದು ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಎರಡನೆಯ ಸಲ ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿದಾಗ ಊದಿದ ಕೆನ್ನೆಯನ್ನಷ್ಟೇ ನೋಡಿ, ಗ್ರಂಥಿ ದೊಡ್ಡದಾಗಿದೆ ಎಂದು ಬರೆದು ಕಳಿಸಿದ್ದರು. ಏಕೆ ದೊಡ್ಡದಾಗಿದೆ ಎಂಬುದಕ್ಕೆ ಉತ್ತರವಿರಲಿಲ್ಲ.

ಇಲ್ಲಿ ಉತ್ತರ ಸಿಕ್ಕಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರೇಡಿಯಾಲಜಿಸ್ಟ್ ಮೊದಲು ಜೆಲ್ಲಿನ ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿದರು. ಒಂದು ತೊಟ್ಟನ್ನು ಮಗಳ ಬೆರಳಿಗೆ ಹಚ್ಚಿ, ‘ತಣ್ಣಗಿದೆಯೇನಮ್ಮಾ?’ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಕೆನ್ನೆಗೆ ಹಚ್ಚಿದ್ದು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗು ಕೊನೆಯವರೆಗೂ ಅಳಲಿಲ್ಲ.

ಮೊದಲು ನೋಡಿದ್ದು ಬಲಗೆನ್ನೆಯನ್ನು. ‘ಡಾಕ್ಟರೇ, ನೋವಿರುವುದು ಎಡಕ್ಕೆ’ ಎಂದೆ. ‘ಗೊತ್ತಮ್ಮ, ಎರಡನ್ನೂ ಹೋಲಿಸಿ ನೋಡಬೇಕು’ ಎಂದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಡಗಡೆಯ ಪೆರೋಟಿಡ್ ಗ್ರಂಥಿಯ, ಅಂದರೆ ಕಿವಿಯ ಮುಂದೆ ಕೆನ್ನೆಯಲ್ಲಿರುವ ಜೊಲ್ಲಿನ ಗ್ರಂಥಿಯ, ತುಂಬ ಜರಡಿಯ ತೂತುಗಳಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಒಂದೊಂದೂ ಎರಡು ಮೂರು ಮಿಲಿಮೀಟರ್. ಬಲಗಡೆ ಊತವಿಲ್ಲ, ನೋವಿಲ್ಲ, ಆದರೂ ಅಲ್ಲಿಯೂ ಅವೇ ಚುಕ್ಕೆಗಳು, ಸಂಖ್ಯೆ ಮಾತ್ರ ಕಡಿಮೆ. ಮಕ್ಕಳಲ್ಲಿ ಮರುಕಳಿಸುವ ಪೆರೋಟಿಡ್ ಉರಿಯೂತದಲ್ಲಿ ಹೀಗೆ ಕಾಣುವುದುಂಟು, ಊತ ಒಂದೇ ಕಡೆ ಇದ್ದರೂ ಬದಲಾವಣೆ ಎರಡೂ ಕಡೆ ಇರಬಹುದು ಎಂದು ವಿವರಿಸಿದರು. ಹಿಂದಿನ ಸ್ಕ್ಯಾನಿನಲ್ಲಿ ಬಲಗೆನ್ನೆಯನ್ನು ಯಾರೂ ಮುಟ್ಟಿರಲೇ ಇಲ್ಲವಲ್ಲ ಎಂದು ಆಗ ಹೊಟ್ಟೆ ಉರಿಯಿತು.

ನಾಲಿಗೆಯ ಮೇಲೆ ಒಂದು ಹನಿ ನಿಂಬೆರಸ ಹಾಕಿ ಮತ್ತೊಮ್ಮೆ ನೋಡಿದರು. ಜೊಲ್ಲು ಊರಿದಾಗ ನಾಳ ಹಿಗ್ಗಿ ಸ್ಪಷ್ಟವಾಗುತ್ತದೆಯಂತೆ. ನಾಳದಲ್ಲಿ ಕಲ್ಲು ಕಾಣಲಿಲ್ಲ, ಗಡ್ಡೆಯೂ ಇಲ್ಲ.

ಸಿ.ಟಿ. ಮಾಡಿಸಬೇಕೇ ಎಂದು ಕೇಳಿದೆ. ಈಗ ಬೇಡ ಎಂದು ನೇರವಾಗಿಯೇ ಹೇಳಿದರು. ಸಿ.ಟಿ.ಯಲ್ಲಿ ಮಗುವಿಗೆ ವಿಕಿರಣ ತಾಗುತ್ತದೆ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ಬಹಳ ಹೊತ್ತು ಅಲುಗಾಡದೆ ಮಲಗಬೇಕು, ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ಮಂಪರು ಬರಿಸಬೇಕಾಗುತ್ತದೆ. ದವಡೆಯ ಮೂಳೆಯ ಹಿಂದೆ ಅಡಗಿರುವ ಭಾಗ ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ, ಅಲ್ಲಿ ಏನಾದರೂ ಅನುಮಾನ ಬಂದರೆ ಆಗ ಎಂ.ಆರ್.ಐ. ಎಂದರು. ತಮ್ಮ ಯಂತ್ರದ ಮಿತಿಯನ್ನು ತಾವೇ ಹೇಳಿದ್ದರಿಂದ ಅವರ ಮೇಲಿನ ನಂಬಿಕೆ ಹೆಚ್ಚಾಯಿತು.

ದೇಹದ ರೋಗನಿರೋಧಕ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಶೋಗ್ರೆನ್ ಕಾಯಿಲೆಯಲ್ಲಿಯೂ ಗ್ರಂಥಿ ಹೀಗೆಯೇ ಕಾಣಬಹುದು, ರಕ್ತಪರೀಕ್ಷೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ ಎಂದೂ ಸೂಚಿಸಿದರು. ಮಕ್ಕಳ ವೈದ್ಯರು ಪರೀಕ್ಷೆ ಮಾಡಿಸಿದರು, ಅದರಲ್ಲಿ ತೊಂದರೆಯೇನೂ ಇರಲಿಲ್ಲ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ತಾನಾಗಿಯೇ ನಿಲ್ಲುತ್ತದೆ ಎಂದು ಅವರು ಹೇಳಿದಾಗ, ಎಷ್ಟೋ ತಿಂಗಳ ಮೇಲೆ ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಕೊರತೆಗಳೂ ಇವೆ. ಸಮಯ ಕೊಟ್ಟಿದ್ದರೂ ಒಂದೂವರೆ ಗಂಟೆ ಕಾಯಿಸಿದರು. ನೋವಿರುವ ಮಗುವಿಗೆ ಅದು ತುಂಬ ದೀರ್ಘ. ವರದಿಯ ಜೊತೆ ಎಡಗಡೆಯ ಚಿತ್ರಗಳನ್ನು ಮಾತ್ರ ಮುದ್ರಿಸಿ ಕೊಟ್ಟಿದ್ದರು. ಕೌಂಟರಿಗೆ ಮರಳಿ ಹೋಗಿ ಬಲಗಡೆಯದನ್ನೂ ಕೇಳಿ ಪಡೆದೆ. ಹೋಗುವವರು ಎರಡೂ ಕಡೆಯ ಚಿತ್ರಗಳಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಮುಂದಿನ ಸಲ ಕೆನ್ನೆ ಊದಿದಾಗ ಹೋಲಿಸಲು ಅವು ಬೇಕಾಗುತ್ತವೆ.