ಹರಿತ ಕರ್ಮ ಸೇನೆ: ತಿಂಗಳಿಗೆ 50 ರೂಪಾಯಿಗೆ ಒಳ್ಳೆಯ ಸೇವೆ

ಕಾಸರಗೋಡಿನ ಹಳ್ಳಿಯಲ್ಲಿರುವ ನಮ್ಮ ಮನೆಗೆ ತಿಂಗಳಿಗೊಮ್ಮೆ ಹರಿತ ಕರ್ಮ ಸೇನೆಯ, ಅಂದರೆ ಮನೆಮನೆಯಿಂದ ಒಣಕಸ ಸಂಗ್ರಹಿಸುವ ಪಂಚಾಯತಿನ ತಂಡದ, ಅಕ್ಕಂದಿರು ಬರುತ್ತಾರೆ. ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, 50 ರೂಪಾಯಿ ಪಡೆದು, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ. ಹಾಲಿನ ತೊಟ್ಟೆಯನ್ನು ಬಚ್ಚಲೊಲೆಗೆ ಹಾಕಿ ಸುಡುವುದು ನಮ್ಮಲ್ಲಿ ಪೂರ್ತಿ ನಿಂತಿದೆ. ಇದು ಸಣ್ಣ ವಿಷಯ ಅಲ್ಲ.

ಒಂದೇ ಕೊರತೆ ಇತ್ತು. ಗಾಜು, ಹಳೆ ಚಪ್ಪಲಿ ಯಾವ ತಿಂಗಳು ಕೊಡಬೇಕೆಂಬ ಪಟ್ಟಿ ಮಲಯಾಳದಲ್ಲಿ ಮಾತ್ರ ಬರುತ್ತಿತ್ತು. ಕನ್ನಡ ಮಾತ್ರ ಓದುವ ಹಿರಿಯರು ಏನು ಮಾಡಬೇಕು? ಕೇರಳದ ಕಾನೂನಿನಂತೆ ಮೂರು ತಿಂಗಳಿಗೊಮ್ಮೆಯಾದರೂ ವಾರ್ಡಿನ ಗ್ರಾಮಸಭೆ ಸೇರಬೇಕು. ಅಲ್ಲೇ ಎದ್ದು ಕೇಳಿದೆವು. ಮುಂದಿನ ಪಟ್ಟಿ ಕನ್ನಡದಲ್ಲೂ ಬಂತು. ಸಭೆಗೆ ಸುಮ್ನೆ ಸಹಿ ಹಾಕಲು ಹೋಗಬೇಡಿ, ಮಾತಾಡಿ.

ಮಳೆಗಾಲದಲ್ಲಿ ಅಕ್ಕಂದಿರ ಚೀಲಗಳೆಲ್ಲ ನೆನೆಯುತ್ತವೆ. ಅವುಗಳನ್ನಿಡಲು ವಾರ್ಡಿನಲ್ಲೊಂದು ಶೆಡ್ ಬೇಕು. ಮುಂದಿನ ಸಭೆಯಲ್ಲಿ ಅದನ್ನೇ ಕೇಳುತ್ತೇವೆ.