ತಿಥಿ ಕೇಳಿ ಕೊಠಡಿ ಕೊಟ್ಟ ಹೋಂಸ್ಟೇ: ಹೊನ್ನಾವರದ ಅಳಿವೆಯಲ್ಲಿ ಮೂರು ರಾತ್ರಿ

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಚಿಕ್ಕಮಗಳೂರಿನ ತೋಟದ ಮನೆಗಳಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಈ ಸಲ ಶಿವರಾತ್ರಿಯ ರಜೆಗೆ ನಾನು, ಪತ್ನಿ, ಇಬ್ಬರು ಮಕ್ಕಳು ಮತ್ತು ನನ್ನ ತಾಯಿ, ಶಿವಮೊಗ್ಗ, ಸಾಗರದ ದಾರಿಯಾಗಿ ಗೇರುಸೊಪ್ಪೆಯ ಘಟ್ಟ ಇಳಿದು, ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಗೆ ಸಮೀಪದ ಒಂದು ಹೋಂಸ್ಟೇಯಲ್ಲಿ ಮೂರು ರಾತ್ರಿ ತಂಗಿದ್ದೆವು. ಕಾಟಿ, ಕೆಂಜಳಿಲುಗಳನ್ನು ತೋಟದಂಚಿನಲ್ಲೇ ಕಂಡು ಬೆಳೆದ ನಮ್ಮ ಮಕ್ಕಳಿಗೆ ಕಡಲೆಂದರೆ ಈವರೆಗೆ ಮುರುಡೇಶ್ವರದ ಅಲೆ ಮತ್ತು ಐಸ್‌ಕ್ರೀಂ ಮಾತ್ರವಾಗಿತ್ತು. ಕರಾವಳಿಯ ಜೀವಿಗಳನ್ನೇ ನೋಡಲೆಂದು ಹೋದದ್ದು ಇದೇ ಮೊದಲು.

ಕೊಠಡಿಗಾಗಿ ಫೋನ್ ಮಾಡಿದಾಗ ಮಾಲೀಕರು ಮೊದಲು ತಿಥಿ ಕೇಳಿದರು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಭರತ ಹೆಚ್ಚು ಏರುತ್ತದೆ, ಇಳಿತದಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಶಿವರಾತ್ರಿಯ ಬೆನ್ನಿಗೇ ಅಮಾವಾಸ್ಯೆ ಬರುವುದರಿಂದ ಕೆಸರು ಬಯಲು ಚೆನ್ನಾಗಿ ತೆರೆದಿರುತ್ತದೆ ಎಂದರು. ನಾನು ಈ ಮನೆಗೆ ಹೆಚ್ಚು ಅಂಕ ಕೊಡುವುದು ಇದಕ್ಕಾಗಿಯೇ. ಇಲ್ಲಿ ಊಟ, ದೋಣಿ, ನಡಿಗೆ ಎಲ್ಲವೂ ನೀರಿನ ವೇಳೆಯನ್ನು ಅನುಸರಿಸುತ್ತವೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಮೊದಲ ದಿನ ಸಂಜೆ ನಾಲ್ಕಕ್ಕೆ ಮೊದಲೇ ಬಂದ ಕಾಫಿ ಮರುದಿನ ಐದರ ಹತ್ತಿರಕ್ಕೆ ಜಾರಿತು. (ಆ ಕಾಫಿಯ ಗುಣಮಟ್ಟದ ಬಗ್ಗೆ ನಮ್ಮ ಜಿಲ್ಲೆಯವರು ಮಾತನಾಡದಿರುವುದೇ ಲೇಸು.)

ಇಳಿತದ ಹೊತ್ತಿಗೆ ಮಾಲೀಕರೇ ನಮ್ಮನ್ನು ಅರಣ್ಯ ಇಲಾಖೆಯ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆಗೆ ಕರೆದೊಯ್ದರು. ನೀರು ಸರಿದ ಕೆಸರಿನ ಮೇಲೆ, ಈಜುರೆಕ್ಕೆಗಳನ್ನೇ ಮೊಣಕೈಯಂತೆ ಊರಿಕೊಂಡು ತೆವಳುವ ಮಡ್‌ಸ್ಕಿಪ್ಪರ್ ಮೀನನ್ನು ಕಂಡಾಗ ಕಿರಿಯವನು ಅದನ್ನು ಓತಿಕ್ಯಾತವೆಂದೇ ವಾದಿಸಿದ. ಚರ್ಮ ಒದ್ದೆಯಾಗಿರುವ ತನಕ ಅದು ಚರ್ಮದ ಮೂಲಕವೂ ಉಸಿರಾಡಬಲ್ಲದೆಂದು ತಿಳಿದ ಮೇಲೆ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಪಕ್ಕದಲ್ಲೇ ಗಂಡು ಫಿಡ್ಲರ್ ಏಡಿಗಳು ತಮ್ಮ ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಬೀಸುತ್ತಿದ್ದವು. ಕಾಂಡ್ಲಾ ಗಿಡದಿಂದ ತೂಗುತ್ತಿದ್ದ ಹಸಿರು ಕೋಲುಗಳನ್ನು ನನ್ನ ತಾಯಿ ನುಗ್ಗೆಕಾಯಿಯೆಂದು ಭಾವಿಸಿದ್ದರು. ಅವು ತಾಯಿಗಿಡದಲ್ಲೇ ಮೊಳೆತ ಸಸಿಗಳು. ಉಪ್ಪುನೀರು ದಿನಕ್ಕೆರಡು ಬಾರಿ ಮುಳುಗಿಸುವ ನೆಲದಲ್ಲಿ ಬೀಜ ಬಿದ್ದು ಮೊಳೆಯುವುದು ಕಷ್ಟವಾದ್ದರಿಂದ, ಮೊಳಕೆ ಇಷ್ಟು ಬೆಳೆದ ಮೇಲೆಯೇ ಕೆಳಗೆ ಬೀಳುತ್ತದೆ. ಕಾಫಿ ನರ್ಸರಿಯಲ್ಲಿ ಜೀವನ ಕಳೆದ ಅವರಿಗೆ ಈ ವ್ಯವಸ್ಥೆ ಬಹಳ ಮೆಚ್ಚುಗೆಯಾಯಿತು.

ಬೆಳಗಿನ ಭರತದಲ್ಲಿ ದೋಣಿ. ಬಿಳಿಹೊಟ್ಟೆಯ ಕಡಲ ಹದ್ದು, ಗರುಡ, ಮಿಂಚುಳ್ಳಿಗಳು ಹತ್ತಿರದಿಂದ ಸಿಕ್ಕವು. ಹೊಳೆಯ ಬಾಯಲ್ಲಿ ಡಾಲ್ಫಿನ್ ಎರಡು ಬಾರಿ ಬೆನ್ನು ತೋರಿಸಿತು. ನೀರುನಾಯಿ ಕಾಣಲಿಲ್ಲ. ಆದರೆ ದೋಣಿಯವನು, ಮರಳುದಿಬ್ಬದ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ವಲಸೆಯ ಕಡಲಕ್ಕಿಗಳತ್ತ ಎಂಜಿನ್ ಜೋರು ಮಾಡಿ ನುಗ್ಗಿಸಿ, ಹಾರಿದ ಹಿಂಡನ್ನು ಫೋಟೋ ತೆಗೆಯಿರೆಂದದ್ದು ನಮಗೆ ಹಿಡಿಸಲಿಲ್ಲ. ಬೇಡವೆಂದ ಮೇಲೆ ನಿಲ್ಲಿಸಿದ. ಪ್ರವಾಸಿಗರು ಕೇಳುತ್ತಾರೆ ಎಂಬುದು ಅವನ ಸಮಜಾಯಿಷಿ. ಅವನ ಮಾತಿನಲ್ಲಿ ಸುಳ್ಳಿರಲಾರದು.

ಇನ್ನೊಂದು ದೂರು ಹೋಂಸ್ಟೇಯ ಮೇಲೆಯೇ. ಹೊನ್ನಾವರದ ಪಕ್ಕದ ಕಾಸರಕೋಡಿನ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಬಲೆ ಸುತ್ತಿ ಕಾಯ್ದಿದ್ದ ಒಂದು ಗೂಡನ್ನು ದೂರದಿಂದ ನೋಡಿದೆವು, ಮರಿಗಳು ಹೊರಬರುವುದನ್ನು ನೋಡುವ ಅದೃಷ್ಟವಿರಲಿಲ್ಲ. ರಾತ್ರಿ ಮರಳಿನಿಂದ ಎದ್ದ ಮರಿ ಬೆಳಕಿರುವತ್ತ, ಅಂದರೆ ಸಹಜವಾಗಿ ಕಡಲಿನತ್ತ, ನಡೆಯುತ್ತದೆಂದು ಮಕ್ಕಳಿಗೆ ವಿವರಿಸಿದ ಮಾಲೀಕರ ಅಂಗಳದಲ್ಲೇ ತೀರಕ್ಕೆ ಮುಖಮಾಡಿದ ದೊಡ್ಡ ಫ್ಲಡ್‌ಲೈಟ್ ಹತ್ತು ಗಂಟೆಯವರೆಗೆ ಉರಿಯುತ್ತಿತ್ತು. ಮಗಳು ಅದನ್ನು ನೇರವಾಗಿ ಕೇಳಿಬಿಟ್ಟಳು. ಕೊನೆಯ ರಾತ್ರಿ ದೀಪಕ್ಕೆ ಗೋಣಿಚೀಲ ಕಟ್ಟಿತ್ತು. ಶಾಶ್ವತವಾಗಿ ತೆಗೆಯುವೆನೆಂಬ ಮಾತನ್ನು ನಂಬಿ ಮನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಊಟ ಸರಳ, ರುಚಿಕರ. ಉಪವಾಸವಿದ್ದ ತಾಯಿಗೆ ಕೇಳದೆಯೇ ಎಳನೀರು, ಹಣ್ಣು ಬಂದವು. ಮೀನು ತಿನ್ನುವವರಿಗೆ ಬಳಚಿನ (ಚಿಪ್ಪುಮೀನಿನ) ಪಲ್ಯವಿತ್ತು. ಸ್ನಾನದ ಮನೆಗೆ ಮೂರು ಎತ್ತರದ ಮೆಟ್ಟಿಲುಗಳಿದ್ದು ವಯಸ್ಸಾದವರಿಗೆ ಕಷ್ಟ, ಸಂಜೆ ಸೊಳ್ಳೆ ವಿಪರೀತ. ಊಟ ಸೇರಿ ತಲೆಗೆ ದಿನಕ್ಕೆ 1,800 ರೂಪಾಯಿ, ಮಕ್ಕಳಿಗೆ ಅರ್ಧ, ದೋಣಿಗೆ ಪ್ರತ್ಯೇಕ. ಹೋಗುವವರು ಕ್ಯಾಲೆಂಡರಿನಲ್ಲಿ ಭಾನುವಾರ ಹುಡುಕುವ ಮೊದಲು ಅಮಾವಾಸ್ಯೆ ಎಂದೆಂದು ನೋಡಿಕೊಳ್ಳುವುದು ಒಳ್ಳೆಯದು, ಒಂದು ಜೊತೆ ಹಳೆಯ ಚಪ್ಪಲಿಯೂ ಜೊತೆಗಿರಲಿ.