ಎಂಟರ್ ಒತ್ತುವ ಮುಂಚೆಯೇ ಬಂದ ಪುಟ: ಕ್ರೋಮ್‌ನ 'ಪ್ರೀಲೋಡ್ ಪೇಜಸ್' ಜೊತೆ ಎರಡು ವರ್ಷ

ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಬೆಳಗ್ಗೆಯಿಂದ ಸಂಜೆವರೆಗೂ ಪಹಣಿ, ಜಾತಿ ಪ್ರಮಾಣಪತ್ರ, ಬಸ್ ಟಿಕೆಟ್, ರಿಸಲ್ಟ್. ಅದೇ ಏಳೆಂಟು ಸೈಟುಗಳನ್ನೇ ತಿರುಗಿಸಿ ತಿರುಗಿಸಿ ತೆರೆಯುವ ಕೆಲಸ.

ಒಂದು ದಿನ ಜಗಳೂರು ಕಡೆಯ ಯಜಮಾನರೊಬ್ಬರು ಪಹಣಿಗೆ ಬಂದಿದ್ದರು. ನಾನು ಅಡ್ರೆಸ್ ಬಾರಿನಲ್ಲಿ ಎರಡು ಅಕ್ಷರ ಹೊಡೆದು ಎಂಟರ್ ಒತ್ತಿದೆ. ಪುಟ ಅಲ್ಲೇ ಕಾದು ಕೂತಿದ್ದ ಹಾಗೆ ಬಂತು. 'ಏನ್ ತಮ್ಮಾ, ನೆಟ್ ಹೊಸದು ಹಾಕಿಸಿದೆಯಾ?' ಅಂದರು. ನೆಟ್ ಹಳೆಯದೇ. ಕ್ರೋಮ್ ಆ ಪುಟವನ್ನು ಮೊದಲೇ ತಂದು, ಕಾಣದ ಟ್ಯಾಬಿನಲ್ಲಿ ಪೂರ್ತಿ ಬಿಡಿಸಿ ಇಟ್ಟಿತ್ತು. ಇದಕ್ಕೆ ಪ್ರೀರೆಂಡರ್ ಅಂತಾರೆ. ಪ್ರೀಫೆಚ್ ಅನ್ನೋದು ಇದಕ್ಕಿಂತ ಹಗುರ. ಅದು ಪುಟದ ಎಚ್‌ಟಿಎಂಎಲ್, ಅಂದರೆ ಮೂಲ ಬರಹ ಮಾತ್ರ ತಂದಿಡುತ್ತದೆ, ಚಿತ್ರಗಿತ್ರ ಆಮೇಲೆ.

ನಮ್ಮ ಕೆಲಸವೂ ಹೀಗೇ ಅಲ್ವಾ? ಕಾಯಂ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಯಾವ ಅರ್ಜಿ ಬೇಕು ಅಂತ ಗೊತ್ತಾಗಿ ತೆಗೆದಿಟ್ಟಿರುತ್ತೇವೆ. ಕ್ರೋಮ್ ಈ ಅಂದಾಜನ್ನು ಲೆಕ್ಕ ಇಟ್ಟು ಮಾಡುತ್ತದೆ. ಅಡ್ರೆಸ್ ಬಾರಿನಲ್ಲಿ 'ಕ್ರೋಮ್://ಪ್ರೆಡಿಕ್ಟರ್ಸ್' ಅಂತ ಇಂಗ್ಲಿಷಿನಲ್ಲಿ ಹೊಡೆದು ನೋಡಿ. ಯಾವ ಅಕ್ಷರ ಹೊಡೆದಾಗ ಯಾವ ಸೈಟಿಗೆ ಹೋದಿರಿ, ಅಂದಾಜು ಎಷ್ಟು ಸಲ ಸರಿಯಾಯಿತು, ಎಷ್ಟು ಸಲ ತಪ್ಪಿತು, ಎಲ್ಲ ಸಾಲಾಗಿ ಇದೆ. ನಂಬಿಕೆ 80% ದಾಟಿದರೆ ಪುಟವನ್ನೇ ಬಿಡಿಸಿ ಇಡುತ್ತದೆ. 50% ದಾಟಿದರೆ ಸರ್ವರಿಗೆ (ಸೈಟು ಇಟ್ಟಿರುವ ಕಂಪ್ಯೂಟರಿಗೆ) ಸಂಪರ್ಕ ಮಾತ್ರ ಮಾಡಿಕೊಂಡು ಕಾಯುತ್ತದೆ. ನನ್ನ ಪಟ್ಟಿಯಲ್ಲಿ 80% ದಾಟಿದ ಹಸಿರು ಸಾಲುಗಳೇ ಜಾಸ್ತಿ. ಮನುಷ್ಯ ಇಷ್ಟೊಂದು ಅಭ್ಯಾಸಬಲದವನಾ ಅಂತ ಸ್ವಲ್ಪ ನಾಚಿಕೆಯೂ ಆಯಿತು.

ಈ ಸೌಲಭ್ಯದ ಹೆಸರೇ 'ಪ್ರೀಲೋಡ್ ಪೇಜಸ್', ಆನ್ ಮಾಡೋದು ಸುಲಭ. ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್, ಅದರೊಳಗೆ ಸ್ಪೀಡ್. ಸ್ಟ್ಯಾಂಡರ್ಡ್, ಅದಕ್ಕಿಂತ ಹೆಚ್ಚು ಪುಟ ತಂದಿಡುವ ಎಕ್ಸ್‌ಟೆಂಡೆಡ್ ಅಂತ ಎರಡು ಬಗೆ. ನನಗೆ ಸ್ಟ್ಯಾಂಡರ್ಡ್ ಸಾಕಾಗಿದೆ.

ಆದರೆ ಮೊದಲ ಎರಡು ತಿಂಗಳು ಒಂದು ಕಂಪ್ಯೂಟರಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆಪರೇಟರನ್ನು ಬೈದೆ, ಕೇಬಲ್ ಬದಲಾಯಿಸಿದೆ. ಕೊನೆಗೆ ನೋಡಿದರೆ, ಜಾಹೀರಾತು ತಡೆಯಲು ಹಾಕಿದ್ದ ಒಂದು ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಆ ಸೆಟ್ಟಿಂಗನ್ನೇ ಆಫ್ ಮಾಡಿ ಕೂತಿತ್ತು. ಮೆಮೊರಿ ಕಡಿಮೆ ಇದ್ದರೂ ಇದು ಕೆಲಸ ಮಾಡಲ್ಲ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಇಳಿದು ಎನರ್ಜಿ ಸೇವರ್ ಶುರುವಾದರೂ ಅಷ್ಟೇ. ಬೇಸಿಗೆ ಮಧ್ಯಾಹ್ನ ನಮ್ಮ ಅಂಗಡಿಗೆ ಇದು ತಿಳಿದಿರಬೇಕಾದ ಮಾತು.

ಇನ್ನೊಂದು ಮಿತಿ ಇದೆ. ಫಾರಂ ತುಂಬಿ ಸಬ್ಮಿಟ್ ಒತ್ತಿದ ಮೇಲೆ ಬರುವ ಪುಟಕ್ಕೆ ಇದರಿಂದ ಏನೂ ಉಪಯೋಗವಿಲ್ಲ. ನೀವು ಏನು ತುಂಬುತ್ತೀರಿ ಅಂತ ಬ್ರೌಸರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಗಿರಾಕಿಗಳು ಜಾಸ್ತಿ ಕಾಯೋದೇ ಅಲ್ಲಿ.

ಒಮ್ಮೆ ಎಡವಟ್ಟೂ ಆಯಿತು. ಬೀಜ ಮಾರುವ ಒಂದು ಸೈಟಿನಲ್ಲಿ ಮೆಕ್ಕೆಜೋಳದ ಚೀಲ ಕಾರ್ಟಿಗೆ ಹಾಕಿದೆ. ಮುಂದಿನ ಪುಟದಲ್ಲಿ ಕಾರ್ಟ್ ಖಾಲಿ! ಮತ್ತೆ ಹಾಕಿದೆ. ರಿಫ್ರೆಶ್ ಮಾಡಿದಾಗ ಎರಡು ಚೀಲ. ನಾನು ಚೀಲ ಹಾಕುವ ಮೊದಲೇ ಆ ಪುಟ ತಯಾರಾಗಿ ಕೂತಿತ್ತು, ಅದಕ್ಕೇ ಹಳೆ ಲೆಕ್ಕ ತೋರಿಸಿತು. ಸೈಟು ಕಟ್ಟಿದವರು ಪುಟ ಕಣ್ಣಿಗೆ ಬೀಳುವಾಗ ಲೆಕ್ಕ ಇನ್ನೊಮ್ಮೆ ತರುವಂತೆ ಬರೆದಿದ್ದರೆ ಈ ತೊಂದರೆ ಇರಲ್ಲ.

ಇದರ ಪರಿಣಾಮ ಅಳೆಯುವ ವಿಷಯ ನನಗೆ ಗೆಳೆಯನಿಂದ ತಿಳಿಯಿತು. ಅವನದು ಮಂಡಕ್ಕಿ, ಖಾರ ಮಾರುವ ಸೈಟು, ಕಟ್ಟಿದ್ದು ವರ್ಡ್‌ಪ್ರೆಸ್ ಅನ್ನೋ ಸೈಟು ಕಟ್ಟುವ ತಂತ್ರಾಂಶದಲ್ಲಿ, ನೋಡಿಕೊಳ್ಳುವವನು ನಾನು. 2025ರ ಏಪ್ರಿಲ್‌ನಲ್ಲಿ ಬಂದ 6.8ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ಸೇ ಪ್ರೀಫೆಚ್ ಮಾಡಿಸುತ್ತದೆ. ಅದೂ ಲಿಂಕಿನ ಮೇಲೆ ಮೌಸ್ ಒತ್ತಿದ ಮೇಲೆ, ಬೆರಳು ಎತ್ತುವ ಮುಂಚಿನ ಆ ಚೂರು ಹೊತ್ತಿನಲ್ಲಿ. ನಾನು ದುರಾಸೆಗೆ ಬಿದ್ದು ಪ್ಲಗಿನ್ ಹಾಕಿ, ಮೌಸ್ ಲಿಂಕಿನ ಮೇಲೆ 200 ಮಿಲಿಸೆಕೆಂಡ್ ನಿಂತರೆ ಪುಟವೇ ತಯಾರಾಗುವಂತೆ ಮಾಡಿದೆ. ಸರ್ವರಿಗೆ ಬಂದ ವಿನಂತಿಗಳೆಲ್ಲ ದಾಖಲಾಗುವ ಲಾಗಿನಲ್ಲಿ ಸಾಲುಗಳು ಏರಿದವು. ಗೆಳೆಯ ಖುಷಿಯಾದ: 'ಲೇ, ಜನ ಬರ್ತಿದಾರೆ!' ಆರ್ಡರ್ ಮಾತ್ರ ಅಷ್ಟೇ. ಲಾಗಿನಲ್ಲಿ 'ಸೆಕ್-ಪರ್ಪಸ್' ಅನ್ನೋ ಹೆಡರನ್ನೂ (ವಿನಂತಿಯ ಜೊತೆ ಬ್ರೌಸರ್ ಕಳಿಸುವ ಚೀಟಿ) ಬರೆಸಿಕೊಂಡು ನೋಡಿದ ಮೇಲೆ ಗುಟ್ಟು ತಿಳಿಯಿತು. ಆ ಹೆಡರ್ ಇರುವ ವಿನಂತಿ ಬ್ರೌಸರ್ ಮುಂಗಡವಾಗಿ ಕೇಳಿದ್ದು, ಅದರಲ್ಲಿ ಎಷ್ಟೋ ಪುಟಗಳನ್ನು ಯಾರೂ ಕಣ್ಣಲ್ಲಿ ನೋಡಿಲ್ಲ.

ವೇಗದ ಅಂಕಿಯೂ ಹೀಗೇ ಆಟ ಆಡಿಸುತ್ತದೆ. ಪುಟದ ದೊಡ್ಡ ಭಾಗ ಕಾಣಿಸಲು ಹಿಡಿಯುವ ಸಮಯಕ್ಕೆ ಎಲ್‌ಸಿಪಿ ಅಂತಾರೆ. 2.5 ಸೆಕೆಂಡಿನೊಳಗೆ ಇದ್ದರೆ ಚೆನ್ನ. ಮೊದಲೇ ತಯಾರಾದ ಪುಟಕ್ಕೆ ಕ್ರೋಮ್ ಈ ಗಡಿಯಾರವನ್ನು ನಾವು ಕ್ಲಿಕ್ ಮಾಡಿ ಪುಟ ಎದುರಿಗೆ ಬಂದ ಗಳಿಗೆಯಿಂದ ಶುರು ಮಾಡುತ್ತದೆ. ಆ ಗಳಿಗೆಯ ಹೆಸರು 'ಆಕ್ಟಿವೇಶನ್ ಸ್ಟಾರ್ಟ್'. ಅದು ಸೊನ್ನೆಗಿಂತ ಜಾಸ್ತಿ ಇದ್ದರೆ ಪುಟ ಮುಂಚೆಯೇ ತಯಾರಾಗಿತ್ತು ಅಂತ ಅರ್ಥ. ನೋಡುವವರ ಲೆಕ್ಕದಲ್ಲಿ ಇದು ನ್ಯಾಯವೇ, ಅವರು ಕಾದಿದ್ದು ಅಷ್ಟೇ ತಾನೆ. ಸರ್ವರ್ ಮಾತ್ರ ಮೊದಲಿನಷ್ಟೇ ನಿಧಾನ. ಹಾಗಾಗಿ ಮೊದಲೇ ತಯಾರಾದ ಪುಟದ ಭೇಟಿ, ಆಗದ ಪುಟದ ಭೇಟಿ, ಈ ಎರಡು ಬಗೆಯ ಭೇಟಿಗಳನ್ನು ಬೇರೆ ಮಾಡಿಯೇ ನೋಡುತ್ತೇನೆ. ಸೇರಿಸಿ ನೋಡಿದಾಗ ಅವನ ಹೋಸ್ಟಿಂಗ್ ಬಲು ಚುರುಕು ಅನ್ನಿಸುತ್ತಿತ್ತು. ಬೇರೆ ಮಾಡಿದ ದಿನ ಪ್ಲಾನ್ ಬದಲಾಯಿಸಲು ಹೇಳಿದೆ.

ಈಗ ಅಂಗಡಿಯ ಎರಡು ಕಂಪ್ಯೂಟರಿನಲ್ಲಿ ಇದು ಆನ್ ಇದೆ. ಮೂರನೆಯದು 4 ಜಿಬಿಯ ಹಳೇ ಪೆಟ್ಟಿಗೆ, ಅದರಲ್ಲಿ ಆಫ್. ಅಮ್ಮನ ಫೋನಿನಲ್ಲೂ ಆಫ್ ಮಾಡಿದ್ದೇನೆ. ಅವರ ಡೇಟಾ ಸಂಜೆ ಧಾರಾವಾಹಿಗೇ ಸಾಲಲ್ಲ. ಐದಕ್ಕೆ ನಾಲ್ಕು ಸ್ಟಾರ್.